ಒಂದು ಸಂದೇಶವೂ ಬಾರದ ಶಾಲೆ

ಬೆಳಕು ಹರಿಯುವ ಮುನ್ನವೇ ಪಕ್ಕದ ಮನೆಯ ಹಿಲ್ಕಾ ಓಟ್ಸ್ ಗಂಜಿ ಕಲಕುತ್ತಾಳೆ, ನಾಯಿಯನ್ನು ತಿರುಗಾಡಿಸುತ್ತಾಳೆ, ಒದ್ದೆ ಕೈಗವಸುಗಳನ್ನು ಒಣಹಾಕುತ್ತಾಳೆ, ನಡುವೆಯೇ ಶಾಲೆಯ ಆನ್‌ಲೈನ್ ಪಾಠದ ಆ್ಯಪ್ ತೆರೆದು ಮೂವರು ಮಕ್ಕಳ ಹೋಂವರ್ಕ್ ಸಲ್ಲಿಸುತ್ತಾಳೆ. ಆ್ಯಪ್‌ನ ಮಾತೇ ಅವಳ ಮಾತಾಗಿಬಿಟ್ಟಿದೆ. "ಯಾರ ಗಂಜಿ ಇನ್ನೂ ಬಾಕಿ ಇದೆ? ಗಡುವು ಮುಗೀತಾ ಬಂತು ಕಣ್ರೋ!" ಎಂದು ಕೂಗಿ, ಖಾಲಿಯಾದ ಬಟ್ಟಲಿಗೆ ಗಾಳಿಯಲ್ಲೇ ಬೆರಳಾಡಿಸಿ, ಆ್ಯಪ್‌ನಂತೆಯೇ 'ಸಲ್ಲಿಕೆಯಾಯಿತು' ಎಂಬ ಹಸಿರು ಗುರುತು ಹಾಕುತ್ತಾಳೆ. ಗಂಡ ಉರ್ಹೊ ಸೌನಾದ ಬಿಸಿ ಹಬೆಕೋಣೆಯಲ್ಲಿ ಬೆವರುತ್ತಾ ನೆರೆಯವರಿಗೆ, "ನಮ್ಮ ಮಕ್ಕಳ ಶಾಲೆ ಭಾರಿ ಅಚ್ಚುಕಟ್ಟು ಕಣ್ರೀ, ವರ್ಷವಿಡೀ ಒಂದು ಸಂದೇಶಾನೂ ಬರಲ್ಲ" ಎನ್ನುತ್ತಾನೆ. ಬರುವುದೆಲ್ಲ ಹಿಲ್ಕಾಳ ಫೋನಿಗೆ: ಸ್ಕೇಟಿಂಗ್ ಬೂಟು ಕಳಿಸಿ, ತಲೆಯಲ್ಲಿ ಹೇನಿದೆಯೇ ನೋಡಿ, ಕಿರಿಯವಳು ಗಣಿತದ ಬದಲು ಬೆಕ್ಕಿನ ಚಿತ್ರ ಸಲ್ಲಿಸಿದ್ದಾಳೆ. ಅದೇ ಫೋನಿನಲ್ಲಿ ಹಿಲ್ಕಾಳದೂ ಒಂದು ಪಾಠವಿದೆ, ಸರೋವರದ ಪ್ರಯಾಣಿಕರ ದೋಣಿ ನಡೆಸುವ ಪರವಾನಗಿಯದು. ಪರೀಕ್ಷೆ ತೆರೆದಾಗಲೆಲ್ಲ ಬೂಟು, ಹೇನು, ಬೆಕ್ಕು ಅಡ್ಡ ಬಂದಿವೆ. ಇಂದು ಬೆಳಗ್ಗೆಯೇ ಕೊನೆಯ ಅವಕಾಶ. ಮನೆಯೆಲ್ಲ ಮಲಗಿರುವಾಗ ಹಿಲ್ಕಾ ಶಾಲೆಯ ಆ್ಯಪ್‌ನಲ್ಲಿ 'ಮೊದಲು ಯಾರಿಗೆ ತಿಳಿಸಬೇಕು?' ಎಂಬಲ್ಲಿ ತನ್ನ ಹೆಸರು ಅಳಿಸಿ ಉರ್ಹೊನ ಹೆಸರು ಬರೆದಳು. ಅರೆಬೆಂದ ಗಂಜಿಯ ಒಲೆ ಆರಿಸಿ, ತನ್ನ ಪರೀಕ್ಷೆಯ ಮೊದಲ ಪ್ರಶ್ನೆ ತೆರೆದಳು.