ಒಳಗೆ ಚಿಲಕವಿಲ್ಲದ ಬಾಗಿಲು

ದೆವ್ವದ ಮಾತು ಬಂದರೆ ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ನಗು. ಯಾರು ಏನೇ ಹೇಳಲಿ, ಎಲ್ಲಾ ಮನಸ್ಸಿನ ಆಟ ಎಂದು ತಳ್ಳಿಹಾಕುತ್ತಾರೆ. ಆದರೆ ನಾನು ಈಗ ಹೇಳಹೊರಟಿರುವ ಸಂಗತಿ ಎತ್ತಿದರೆ ಮಾತ್ರ ನಗುವುದಿಲ್ಲ. ಸುಮ್ಮನೆ ಎದ್ದು ಹೊರಗೆ ಹೋಗಿಬಿಡುತ್ತಾರೆ. ಆ ರಾತ್ರಿ ಬಾಗಿಲಿಗೆ ಭುಜ ಕೊಟ್ಟು ನೂಕಿದವರು ಅವರು. ಕಿಟಕಿಯಿಂದ ಒಳಗೆ ಇಣುಕಿದವರೂ ಅವರೇ. ನಾನು ಕತೆ ಕಟ್ಟುತ್ತಿದ್ದೇನೆ ಅನ್ನಿಸಿದರೆ ಅವರ ಮುಖ ಒಮ್ಮೆ ನೋಡಿ, ಸಾಕು...

ನಾವು ಗದಗಿನ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಒಂದು ಹಾಲ್, ಅಡುಗೆಮನೆ, ಒಂದು ಬೆಡ್‌ರೂಮ್. ಬಾತ್‌ರೂಮಿಗೆ ಬೆಡ್‌ರೂಮಿನ ಒಳಗಿಂದಲೇ ಹೋಗಬೇಕು. ನಾನು ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನಮ್ಮವರದು ಲಿಫ್ಟ್ ರಿಪೇರಿ ಮಾಡಿಸುವ ಕೆಲಸ.

ಬೆಂಗಳೂರಿಗೆ ಬಂದ ಹೊಸದರಲ್ಲಿ, ಕ್ಲಿನಿಕ್ ಮುಗಿಸಿಕೊಂಡು ಯಡಿಯೂರಿನ ಒಳರಸ್ತೆಗಳಲ್ಲಿ ನಡೆಯುವಾಗ ನನಗೆ ಹಳೇ ಮನೆಗಳನ್ನು ನೋಡುವ ಚಟ ಹತ್ತಿತು. ಜಗಲಿಯ ಮೇಲೆ ಬೆತ್ತದ ಕುರ್ಚಿ, ಕನ್ನಡಿಯಂತೆ ಹೊಳೆಯುವ ಕೆಂಪು ಗಾರೆ ನೆಲ, ಕಿಟಕಿಯ ನೆತ್ತಿಯಲ್ಲಿ ಹಸಿರು, ನೀಲಿ, ಹಳದಿ ಗಾಜು. ಸಂಜೆ ಒಳಗೆ ದೀಪ ಹಚ್ಚಿದರೆ ಆ ಬಣ್ಣವೆಲ್ಲ ಅಂಗಳಕ್ಕೆ ಬೀಳುತ್ತಿತ್ತು. ಈ ತಿಂಗಳು ಕಣ್ತುಂಬಿಕೊಂಡ ಮನೆ ಮುಂದಿನ ತಿಂಗಳು ಹಸಿರು ಪರದೆಯ ಹಿಂದೆ ಮಣ್ಣಾಗುತ್ತಿತ್ತು. ಅಂಥ ಮನೆ ಕಟ್ಟಿಸುವ ಯೋಗ ನಮಗಿಲ್ಲ. ಬಾಡಿಗೆ ಮನೆಯ ಒಳಗಾದರೂ ಅದನ್ನು ತಂದುಕೊಳ್ಳಬೇಕು ಅಂತ ಹಟ ಹಿಡಿದೆ.

ಭಾನುವಾರ ಬಂದರೆ ಹಳೇ ಸಾಮಾನು ಹುಡುಕುವುದೇ ಕೆಲಸ. ತಿಲಕ್ ನಗರದ ಗುಜರಿ ಅಂಗಡಿಯಲ್ಲಿ ಅಂಗಿ ತೂಗುಹಾಕುವ ಹಿತ್ತಾಳೆ ಗೂಟಗಳು ಸಿಕ್ಕವು. ಯಾರೋ ರಸ್ತೆಗಿಟ್ಟ ಕುರ್ಚಿಗೆ ಹೊಸ ಬೆತ್ತ ಹೆಣೆಸಿದೆ. ನಮ್ಮವರು ಬೈದುಕೊಂಡೇ ಎಲ್ಲವನ್ನೂ ಮೆಟ್ಟಿಲು ಹತ್ತಿಸುತ್ತಿದ್ದರು.

ಬೆತ್ತ ಹೆಣೆಯುವವನೇ ಹೇಳಿದ್ದು: ಯಡಿಯೂರಿನಲ್ಲಿ ಒಂದು ಮನೆ ಕೆಡವುತ್ತಿದ್ದಾರೆ, ಯಜಮಾನರು ಬಾಗಿಲು ಕಿಟಕಿ ಬೇಕಾದವರಿಗೆ ಕೊಡುತ್ತಿದ್ದಾರೆ, ಹೋಗಿ ನೋಡಿ ಎಂದು.

ಯಜಮಾನರ ಹೆಸರು ಶ್ರೀಕಂಠಯ್ಯ. ಅರವತ್ತು ದಾಟಿರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲು ಮಾತು. ನಮ್ಮನ್ನು ಕೂರಿಸಿ ಕಾಫಿ ಕೊಡಿಸಿದರು. ತಂದವರು ಅವರ ಹೆಂಡತಿ ಲಲಿತಮ್ಮ. ಆಕೆ ಒಂದು ಮಾತೂ ಆಡಲಿಲ್ಲ. ಬಣ್ಣದ ಗಾಜಿನ ಚೌಕಟ್ಟುಗಳನ್ನೂ ಒಂದು ಮೂಲೆ ಬೀರುವನ್ನೂ ಆರಿಸಿಕೊಂಡೆ. ಆಮೇಲೆ ಅಡುಗೆಮನೆಯ ಹಿಂದೆ ಹೋದಾಗ... ಆ ಬಾಗಿಲು ಕಂಡಿತು.

ಹಲಸಿನ ಮರದ ಒಂಟಿ ಬಾಗಿಲು. ಜೇನಿನ ಬಣ್ಣ. ಮೇಲಿನ ಹಲಗೆಯಲ್ಲಿ ಅರಳಿದ ಕಮಲದ ಕೆತ್ತನೆ. ನಮ್ಮ ಬೆಡ್‌ರೂಮಿನ ಬಾಗಿಲು ನೀರು ಕುಡಿದು ಉಬ್ಬಿಹೋಗಿತ್ತು, ಬದಲಾಯಿಸಿಕೊಳ್ಳಿ ಎಂದು ಮನೆ ಓನರ್ ಒಪ್ಪಿಗೆಯನ್ನೂ ಕೊಟ್ಟಿದ್ದರು. ನನಗೆ ಇದೇ ಬೇಕು ಎಂದೆ.

ಶ್ರೀಕಂಠಯ್ಯನವರ ಮುಖ ಗಂಟಾಯಿತು. ಅದು ಉಗ್ರಾಣದ ಬಾಗಿಲು, ಹುಳ ಹಿಡಿದಿದೆ, ಹಾಲಿನ ಬಾಗಿಲು ತೊಗೊಳ್ಳಿ ಎಂದರು. ಹುಳದ ಗುರುತೇನೂ ನನಗೆ ಕಾಣಲಿಲ್ಲ.

ಆಗ ಹಿಂದಿನಿಂದ ಲಲಿತಮ್ಮ ಮೊದಲ ಸಲ ಬಾಯಿ ಬಿಟ್ಟರು.

"ಕೊಟ್ಬಿಡಿ. ಇಷ್ಟಪಟ್ಟು ಕೇಳ್ತಿದಾರೆ."

ಬಡಗಿ ಬಂದು ಬಾಗಿಲು ಕೂರಿಸುವಾಗ ಒಂದು ವಿಷಯ ತೋರಿಸಿದ. ಹೊರಗಡೆ ದಪ್ಪ ಕಬ್ಬಿಣದ ಚಿಲಕವಿತ್ತು. ಒಳಗಡೆ ಇರಲಿಲ್ಲ. ಇದ್ದುದನ್ನು ಯಾರೋ ಕಿತ್ತು, ಮೊಳೆಯ ತೂತುಗಳನ್ನು ಮೇಣ ತುಂಬಿ ಮುಚ್ಚಿದ್ದರು. ಇನ್ನೊಂದನ್ನು ನಾನೇ ಗಮನಿಸಿದೆ. ಒಳಮೈಯ ಕೆಳಭಾಗದಲ್ಲಿ, ನೆಲದ ಮೇಲೆ ಕೂತವರ ತಲೆ ತಾಗುವಷ್ಟು ಎತ್ತರದಲ್ಲಿ, ಮರ ಸವೆದು ನುಣುಪಾಗಿ ಕಪ್ಪಗಾಗಿತ್ತು. ಮೂಗು ಹತ್ತಿರ ತಂದರೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ... ಸೋಪು ಹಾಕಿ ತಿಕ್ಕಿದೆ. ಹೋಗಲಿಲ್ಲ.

ಅಂದಿನಿಂದ ಆ ಬಾಗಿಲು ನಮಗೆ ಒಂದು ರಾತ್ರಿಯೂ ಮುಚ್ಚಿ ನಿಲ್ಲಲಿಲ್ಲ. ಮಲಗುವಾಗ ಒತ್ತಿ ಮುಚ್ಚುತ್ತಿದ್ದೆವು. ಬೆಳಗ್ಗೆ ಹಾರುಹೊಡೆದಿರುತ್ತಿತ್ತು. ಬಡಗಿ ಎರಡು ಸಲ ಬಂದು ನೋಡಿದ. ಚೌಕಟ್ಟು ನೆಟ್ಟಗಿದೆ, ಕೀಲು ಸರಿಯಿದೆ, ತನಗೆ ತಿಳಿಯುತ್ತಿಲ್ಲ ಎಂದು ಹೋದ.

ಒಂದು ರಾತ್ರಿ ನನಗೆ ಎಚ್ಚರವಾಯಿತು. ಕೋಣೆಯ ತುಂಬ ಆ ಎಣ್ಣೆಯ ವಾಸನೆ. ಬಾಗಿಲ ಬುಡದಲ್ಲಿ ಮೆತ್ತಗೆ ಒಂದು ಸದ್ದು... ಯಾರೋ ದಣಿದು ಕೂತು, ತಲೆಯನ್ನು ಹಿಂದಕ್ಕೆ ಮರಕ್ಕೆ ಆನಿಸಿದ ಹಾಗೆ. ಆಮೇಲೆ ಗಾಜಿನ ಬಳೆಗಳ ಕಿಣಿಕಿಣಿ. ನನ್ನ ಕೈಯಲ್ಲಿ ಬಳೆ ಇರಲಿಲ್ಲ. ಉಸಿರು ಬಿಗಿಹಿಡಿದು ಮಲಗಿಯೇ ಇದ್ದೆ. ಹೊತ್ತು ಕಳೆದ ಮೇಲೆ ಬಾಗಿಲು ತಾನೇ ಕಿರುಗುಟ್ಟಿ ತೆರೆದುಕೊಂಡಿತು. ವಾಸನೆ ಹೋಯಿತು.

ಬೆಳಗ್ಗೆ ನಮ್ಮವರಿಗೆ ಹೇಳಿದರೆ, ಹಳೇ ಮರ ಚಳಿಗೆ ಬಿಗಿದು ಸದ್ದು ಮಾಡುತ್ತದೆ ಎಂದು ನಕ್ಕರು.

ಅದಾದ ಮೇಲೆ ಒಂದು ಭಾನುವಾರ ಲಲಿತಮ್ಮ ಫೋನ್ ಮಾಡಿದರು. ತಮ್ಮ ಮನೆಯ ಸಾಮಾನೆಲ್ಲ ನಮ್ಮಲ್ಲಿ ಹೇಗೆ ಒಪ್ಪಿದೆ ಎಂದು ನೋಡುವ ಆಸೆ, ಸಂಜೆ ಇಬ್ಬರೂ ಬರುತ್ತೇವೆ ಎಂದರು. ಬಾಗಿಲು ಎಲ್ಲಿ ಕೂರಿಸಿದಿರಿ ಎಂದು ಕೇಳಿದರು, ಬೆಡ್‌ರೂಮಿಗೆ, ಬಾತ್‌ರೂಮಿಗೂ ಅದೇ ದಾರಿ ಎಂದೆ. ನನಗೂ ಖುಷಿಯಾಯಿತು. ಊಟಕ್ಕೇ ನಿಲ್ಲಿ ಎಂದೆ.

ದೀಪ ಹಚ್ಚುವ ಹೊತ್ತಿಗೆ ಬಂದರು. ಶ್ರೀಕಂಠಯ್ಯ ಬಣ್ಣದ ಗಾಜಿನ ಮೇಲೆ ಕೈಯಾಡಿಸಿ ನೋಡಿದರು, ಮೂಲೆ ಬೀರುವಿನಲ್ಲಿ ನಾನಿಟ್ಟಿದ್ದ ಪಿಂಗಾಣಿಯನ್ನು ಮೆಚ್ಚಿದರು. ಬೆಡ್‌ರೂಮಿನ ಕಡೆ ಮಾತ್ರ ಬೆನ್ನು ಹಾಕಿಯೇ ಕೂತರು. ಗಂಡನಿಗೆ ಎರಡನೇ ಸಲ ಕಾಫಿ ಹಾಕಿಕೊಡಿ ಎಂದು ಲಲಿತಮ್ಮ ಹೇಳಿದರು. ಹಾಕಿಕೊಟ್ಟೆ. ಸ್ವಲ್ಪ ಹೊತ್ತಿಗೆ ಅವರು ಮಿಸುಕಾಡಿ, ಬಾತ್‌ರೂಮ್ ಎಲ್ಲಿ ಎಂದು ಕೇಳಿದರು.

ತೋರಿಸಿದೆ. ಅವರು ಎದ್ದು ತಿರುಗಿ, ಬಾಗಿಲ ಮುಂದೆ ನಿಂತುಬಿಟ್ಟರು.

"ಇದನ್ನ ಇಲ್ಲಿಗೆ ಹಾಕಿದೀರಾ... ಬೇರೆ ಬಾತ್‌ರೂಮ್ ಇಲ್ವಾ ಅಮ್ಮ?"

"ಇರೋದು ಒಂದಽ ರೀ ಸಾರ್," ಎಂದೆ.

ಬಾಗಿಲು ಹಾರುಹೊಡೆದೇ ಇತ್ತು. ಅವರು ಮರಕ್ಕೆ ಅಂಗಿ ತಾಗದ ಹಾಗೆ ಮೈ ಓರೆ ಮಾಡಿಕೊಂಡು ಒಳಗೆ ಕಾಲಿಟ್ಟರು. ಅವರ ಹಿಂದಿನ ಕಾಲು ಹೊಸ್ತಿಲು ದಾಟಿತೋ ಇಲ್ಲವೋ... ಬಾಗಿಲು ಮುಚ್ಚಿತು. ಬಡಿದುಕೊಳ್ಳಲಿಲ್ಲ. ಯಾರೋ ಕೈಯಿಟ್ಟು ನಿಧಾನಕ್ಕೆ, ಗಟ್ಟಿಯಾಗಿ ಒತ್ತಿದ ಹಾಗೆ ಮುಚ್ಚಿಕೊಂಡಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿಂದ ಬಡಿತ. ಬಾಗಿಲು ತೆಗೆಯಿರಿ ಎಂದು ಮೊದಲು ಮರ್ಯಾದೆಯಿಂದಲೇ ಕೇಳಿದರು. ಆಮೇಲೆ ಎರಡೂ ಅಂಗೈಯಲ್ಲಿ ಬಡಿಯತೊಡಗಿದರು.

ನಮ್ಮವರು ಓಡಿದರು. ಹೊರಗಿನ ಚಿಲಕ ಬಿದ್ದಿರಲಿಲ್ಲ. ಸುಮ್ಮನೆ ತೂಗಾಡುತ್ತಿತ್ತು. ಭುಜ ಕೊಟ್ಟು ನೂಕಿದರು. ಗೋಡೆಯನ್ನು ನೂಕಿದಂತೆ. ನೆಲಕ್ಕೂ ಬಾಗಿಲಿಗೂ ನಡುವಿನ ಸಂದಿಯಿಂದ ಕೊಬ್ಬರಿ ಎಣ್ಣೆಯ ವಾಸನೆ ಹಾಲಿಗೆಲ್ಲ ತುಂಬಿಕೊಂಡಿತು.

"ಬಿಟ್ಬಿಡಿ. ನೂಕಬೇಡಿ."

ಲಲಿತಮ್ಮ. ಬೆತ್ತದ ಕುರ್ಚಿಯಲ್ಲಿ ಕೂತಲ್ಲಿಂದ ಅಲುಗಿರಲಿಲ್ಲ. ಲೋಟ ಇನ್ನೂ ಕೈಯಲ್ಲೇ ಇತ್ತು.

"ಅದು ಉಗ್ರಾಣದ್ದಲ್ಲ ಕಣಮ್ಮ. ಪದ್ದಕ್ಕನ ರೂಮಿನ ಬಾಗಿಲು. ಇವರ ಅಕ್ಕ."

ಆ ಬಡಿತದ ನಡುವೆಯೇ ಆಕೆ ಹೇಳಿದರು. ಪದ್ದಕ್ಕ ಮದುವೆಯಾದವರಲ್ಲ. ಮನೆಯಲ್ಲಿ ಅರ್ಧ ಪಾಲು ತಂದೆ ಅವರಿಗೆ ಬಿಟ್ಟುಹೋಗಿದ್ದರು. ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸೋಣ ಎಂದು ತಮ್ಮ ಕೇಳಿದಾಗ ಅವರು ಒಪ್ಪಲಿಲ್ಲ. ಶ್ರೀಕಂಠಯ್ಯ ಜಗಳವಾಡಲಿಲ್ಲ. ಅಕ್ಕನಿಗೆ ತಲೆ ಕೆಟ್ಟಿದೆ, ಮನೆ ಬಿಟ್ಟು ಓಡಿಹೋಗುತ್ತಾಳೆ ಎಂದು ನೆಂಟರಿಗೆಲ್ಲ ಹೇಳಿ, ಹಿಂದಿನ ಕೋಣೆಗೆ ಹಾಕಿ ಚಿಲಕ ಜಡಿದರು. ಎರಡು ಹೊತ್ತು ತಟ್ಟೆ ಒಯ್ದಿಡುವುದು ಲಲಿತಮ್ಮನ ಕೆಲಸ.

"ಹುಚ್ಚು ಏನೂ ಇರ್ಲಿಲ್ಲ. ನನಗಿಂತ ಸರಿಯಾಗಿ ಮಾತಾಡೋರು. ಬಾಗಿಲಿಗೆ ಒರಗಿಕೊಂಡೇ ಕೂತಿರೋರು, ಯಾರಾದ್ರೂ ಬರ್ತಾರೇನೋ ಅಂತ. ಒಂದಿನ ಕಾಫಿ ತೊಗೊಂಡು ಹೋದೆ... ಬಾಗಿಲು ನೂಕೋಕಾಗ್ಲಿಲ್ಲ. ಒರಗಿಕೊಂಡ ಹಾಗೇ ಹೋಗ್ಬಿಟ್ಟಿದ್ರು."

ನಮ್ಮವರು ಮೆಟ್ಟಿಲಿಳಿದು ಓಡಿದರು. ಪಕ್ಕದ ಬಿಲ್ಡಿಂಗಿನ ಮೆಟ್ಟಿಲ ಮೇಲೆ ನಿಂತರೆ ನಮ್ಮ ಬೆಡ್‌ರೂಮಿನ ಕಿಟಕಿ ಎದುರಿಗೇ ಸಿಗುತ್ತದೆ. ಅಲ್ಲಿಂದ ಮೊಬೈಲ್ ಬೆಳಕು ಬಿಟ್ಟು ನೋಡಿಬರಲು ಹೋದರು.

ಅಷ್ಟರಲ್ಲಿ ಒಳಗಿನ ಬಡಿತ ಬದಲಾಗಿತ್ತು. ಮೊದಲು ಎದೆಯ ಎತ್ತರದಲ್ಲಿತ್ತು. ಈಗ ಸೊಂಟದ ಹತ್ತಿರ... ಆಮೇಲೆ ಇನ್ನೂ ಕೆಳಗೆ. ಕೊನೆಗೆ ನೆಲದ ಸಮೀಪ ಒಂದೊಂದೇ ಗೆಣ್ಣಿನ ಸದ್ದು. ಶ್ರೀಕಂಠಯ್ಯ ಯಾರೊಂದಿಗೋ ಮಾತಾಡುತ್ತಿದ್ದರು. ಚಿಕ್ಕ ಮಕ್ಕಳು ತಪ್ಪೊಪ್ಪಿಕೊಳ್ಳುವಾಗಿನ ದನಿ. ನಡುನಡುವೆ ನಿಲ್ಲಿಸಿ, ಏನನ್ನೋ ಕೇಳಿಸಿಕೊಂಡು, ಹೂಂ ಅಕ್ಕ, ಹೂಂ ಅಕ್ಕ ಎನ್ನುತ್ತಿದ್ದರು. ಆ ನಿಲುಗಡೆಗಳಲ್ಲಿ ನನಗೆ ಕೇಳಿಸಿದ್ದು ಬಳೆಯ ಸದ್ದು ಮಾತ್ರ.

ನಮ್ಮವರು ಮರಳಿ ಬಂದರು. ಮುಖ ಬಿಳಿಚಿಕೊಂಡಿತ್ತು.

"ಬಾಗಲಾ ನೂಕಬ್ಯಾಡ. ಅವ್ರು ಬಾಗಲಕ್ಕ ಒರಗಿ ಕುಂತಾರ."

"ಒಬ್ರಽ ಅದಾರೇನ್ರಿ?"

ಅವರು ಉತ್ತರ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ.

ಬಡಗಿಗೆ ಫೋನ್ ಮಾಡಿದರೆ ಗೊಟ್ಟಿಗೆರೆಯಲ್ಲಿದ್ದ, ಬರಲು ಹೊತ್ತಾಗುತ್ತದೆ ಎಂದ. ಒಳಗಿನ ದನಿ ಕ್ಷೀಣವಾಗುತ್ತ ಹೋಯಿತು. ಈಗ ನನಗೆ ಬೇರೆಯೇ ಹೆದರಿಕೆ. ಈ ಮನುಷ್ಯ ನಮ್ಮ ಕೋಣೆಯಲ್ಲೇ ಪ್ರಾಣ ಬಿಟ್ಟರೆ? ಏನಾದರೂ ಮಾಡಿ ಎಂದು ಲಲಿತಮ್ಮನ ಕೈ ಹಿಡಿದುಕೊಂಡೆ. ಆಕೆ ನನ್ನ ಕೈಯನ್ನು ಮೆತ್ತಗೆ ಬಿಡಿಸಿಕೊಂಡರು.

"ನಾನೇ ಕರ್ಕೊಂಡು ಬಂದಿದ್ದು ಕಣಮ್ಮ. ಅವರಿಗೆ ಬರೋಕೆ ಇಷ್ಟ ಇರ್ಲಿಲ್ಲ."

ಆಮೇಲೆ ಲೋಟ ಕೆಳಗಿಟ್ಟು ಎದ್ದರು. ಒಂದು ತಟ್ಟೆ ಕೇಳಿ ಪಡೆದು, ನಮ್ಮ ಅಡುಗೆಮನೆಗೆ ಹೋಗಿ ತಾವೇ ಅನ್ನ ಬಡಿಸಿ ಸಾರು ಹಾಕಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಮುಂದೆ ಬಗ್ಗಿ ತಟ್ಟೆಯನ್ನು ನೆಲದ ಮೇಲಿಟ್ಟರು. ಎಷ್ಟೋ ವರ್ಷ ಮಾಡಿ ಮಾಡಿ ಅಭ್ಯಾಸವಾದ ಬಗ್ಗುವಿಕೆ ಅದು.

"ಪದ್ದಕ್ಕ, ಊಟ ತಂದಿದೀನಿ. ಇವತ್ತಿಗೆ ಸಾಕು."

ಇವತ್ತಿಗೆ ಎಂದರು. ಆ ಪದ ನನಗೆ ಆಗ ಅರ್ಥವಾಗಲಿಲ್ಲ.

ಬಾಗಿಲು ಕಿರುಗುಟ್ಟಿತು... ಒಳಕ್ಕೆ ಸರಿಯಿತು.

ಶ್ರೀಕಂಠಯ್ಯ ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಅವರ ಬಿಳಿ ಅಂಗಿಯ ಬೆನ್ನೆಲ್ಲ ಎಣ್ಣೆ. ತಲೆಗೂದಲಿನಿಂದ ಕೊಬ್ಬರಿ ಎಣ್ಣೆ ಹನಿಹನಿಯಾಗಿ ಇಳಿದು ಕಿವಿಯ ಹಿಂದೆ ಹರಿಯುತ್ತಿತ್ತು, ಯಾರೋ ಕೂರಿಸಿಕೊಂಡು ನೆತ್ತಿಗೆ ಸುರಿದು ಒತ್ತಿದಂತೆ. ಕಣ್ಣು ತೆರೆದಿತ್ತು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ನಮ್ಮವರು ಎಬ್ಬಿಸಿ ಕೆಳಗಿಳಿಸಿ ಆಟೋ ಹತ್ತಿಸಿದರು. ಲಲಿತಮ್ಮ ಪಕ್ಕದಲ್ಲಿ ಕೂತು, ಅವರ ಕತ್ತಿನ ಎಣ್ಣೆಯನ್ನು ಸೆರಗಿನಿಂದ ಒರೆಸಿದರು.

ಆ ರಾತ್ರಿ ನಾವು ಹಾಲಿನಲ್ಲಿ ದೀಪ ಹಾಕಿಕೊಂಡು ಕೂತಿದ್ದೆವು. ತಟ್ಟೆಯ ಅನ್ನ ಮುಟ್ಟುವವರಿಲ್ಲದೆ ಬೆಳಗಿನವರೆಗೆ ಅಲ್ಲೇ ಇತ್ತು.

ಬಾಗಿಲನ್ನು ಕಳಚಿಸಿ ಟೆರೇಸಿಗೆ ಹಾಕಿಸಿದೆ. ಗುಜರಿಯವರಿಗೆ ಕೊಡೋಣವೆಂದರೆ ಅದು ಇನ್ಯಾರ ಮನೆ ಸೇರುತ್ತದೋ ಎಂಬ ಅಳುಕು. ಸುಡಲು ಧೈರ್ಯವಿಲ್ಲ. ಹಾಗೇ ಬಿದ್ದಿತ್ತು.

ಕೆಲವು ತಿಂಗಳ ಮೇಲೆ ಲಲಿತಮ್ಮ ಒಂದು ಟೆಂಪೋ ಮಾಡಿಕೊಂಡು ಬಂದರು. ಹಳೇ ಮನೆ ಕೆಡವುವುದು ನಿಂತಿದೆ, ಅಲ್ಲೇ ಇದ್ದೇವೆ, ಬಾಗಿಲು ವಾಪಸ್ ಬೇಕು ಎಂದರು. ಅವರ ಮುಖ ತಿಳಿಯಾಗಿತ್ತು. ಮೊದಲಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಶ್ರೀಕಂಠಯ್ಯ ಹೇಗಿದ್ದಾರೆ ಎಂದು ಕೇಳಿದೆ. ಅವರೇ ಬಾಗಿಲು ತರಿಸು ಎಂದು ಹಟ ಮಾಡುತ್ತಿದ್ದಾರಂತೆ.

ನಾನೂ ನಮ್ಮವರೂ ಹಿಡಿದು ಟೆಂಪೋಗೆ ಏರಿಸಿದೆವು. ಮನೆಯಿಂದ ಹೋದರೆ ಸಾಕಾಗಿತ್ತು ನಮಗೆ.

ಆಮೇಲೆ ಒಮ್ಮೆ ಜಯನಗರದ ತರಕಾರಿ ಅಂಗಡಿಯಲ್ಲಿ ಲಲಿತಮ್ಮ ಸಿಕ್ಕರು. ಎಳೆ ಬೆಂಡೆಕಾಯಿ ಆರಿಸುತ್ತ ನಿಂತಿದ್ದರು. ಮಾತಿಗೆ ಮಾತು ಬಂದು, ಬಾಗಿಲು ಎಲ್ಲಿ ಹಾಕಿಸಿದಿರಿ ಎಂದು ಕೇಳಿದೆ. ಅದೇ ಹಿಂದಿನ ಕೋಣೆಗೆ ಎಂದರು. ಸಂಜೆಯಾದರೆ ಶ್ರೀಕಂಠಯ್ಯ ತಾವಾಗಿಯೇ ಒಳಗೆ ಹೋಗಿ, ಬಾಗಿಲು ಎಳೆದುಕೊಂಡು ಒರಗಿ ಕೂರುತ್ತಾರಂತೆ.

"ರಾತ್ರಿಯೆಲ್ಲಾ ಒಳಗೇನಾ ಆಂಟಿ? ಹೊರಗಿಂದ ಚಿಲಕ..."

"ಚಿಲಕ ನಾನು ಹಾಕಲ್ಲ ಕಣಮ್ಮ," ಎಂದು ಆಕೆ ಬೆಂಡೆಕಾಯಿಯ ತುದಿಯನ್ನು ಪಟ್ಟನೆ ಮುರಿದು ನೋಡಿದರು. "ಬೆಳಗ್ಗೆ ಎದ್ದು ತೆಗೆಯೋದು ಮಾತ್ರ ನಾನು."

ಚೀಲ ತುಂಬಿಕೊಂಡು ನಡೆದುಹೋದರು. ಆಕೆ ನನ್ನ ಪಕ್ಕದಿಂದ ದಾಟುವಾಗ ಬಂದ ವಾಸನೆ ತಲೆಗೆ ಹಚ್ಚಿದ ಎಣ್ಣೆಯದೇ ಇರಬಹುದು. ಎಲ್ಲ ಹೆಂಗಸರೂ ಹಚ್ಚುತ್ತಾರೆ. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ... ನಮ್ಮವರಿಗೆ ಮಾತ್ರ ಇದನ್ನು ಇನ್ನೂ ಹೇಳಿಲ್ಲ.