ಸೋಪಿನ ಪೊಟ್ಟಣದ ಹೊಸ ಮುಖ

"ಆಕೇದು ಬೆಕ್ಕಿನ ಹೆಜ್ಜೆ ಕಣ್ರೀ. ಬೆನ್ನ ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ!"

ಎರಡನೇ ಮಹಡಿಯಲ್ಲಿ ತಂಗಿಯ ಜೊತೆಗಿದ್ದ ಅಕ್ಕನ ಬಗ್ಗೆ ಕೆಳಮನೆಯವರು ಹೀಗೆ ಹೇಳಿ ನಗುತ್ತಿದ್ದರು. ಹೇಳುವಾಗ ಒಮ್ಮೆ ಹಿಂದೆ ತಿರುಗಿಯೂ ನೋಡಿಕೊಳ್ಳುತ್ತಿದ್ದರು.

ಏನು ಮಾಡುವುದು, ಅವಳ ಉದ್ಯೋಗವೇ ಅದು. ಹಳೆಯ ಸರಕಿಗೆ ಹೊಸ ರೂಪ ಕೊಡುವ ಡಿಸೈನ್ ತಂಡಕ್ಕೆ ಅವಳು ಮುಖ್ಯಸ್ಥೆ. ತಾನು ಮಾತ್ರ ಪೆನ್ನು ಮುಟ್ಟುತ್ತಿರಲಿಲ್ಲ. "ನಾನೊಂದು ಗೆರೆ ಎಳೆದ್ರೆ ನೀವು ಅದನ್ನೇ ತಿದ್ದುತ್ತಾ ಕೂತ್ಕೋತೀರಿ" ಎನ್ನುವಳು. ಒಬ್ಬೊಬ್ಬರ ಕುರ್ಚಿಯ ಹಿಂದೆ ನಿಂತು, ಭುಜದ ಮೇಲಿಂದ ಪರದೆ ನೋಡುತ್ತಾ, "ಚೆನ್ನಾಗಿದೆ, ಇನ್ನೊಂದು ಸಲ" ಎನ್ನುವಳು. ಆ ಮಾತಿಗೆ ಸೋತ ಕೈಯೂ ಮತ್ತೆ ಏಳುತ್ತಿತ್ತು.

ಹೀಗಿರುವಾಗ ಒಂದು ಸೋಪಿನ ಕೆಲಸ ಬಂತು. ಪೊಟ್ಟಣದ ಮೇಲೆ ಬಹುಕಾಲದಿಂದ ಇದ್ದ ಹೆಂಗಸಿನ ಮುಖ ತೆಗೆದು ಹೊಸದೊಂದನ್ನು ಬರೆಯಬೇಕು. ಇದು ಕೈತಪ್ಪಿದರೆ ತಂಡವನ್ನೇ ಮುಚ್ಚುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದರು. ಅಕ್ಕ ತನ್ನವರನ್ನು ಕೂರಿಸಿಕೊಂಡು, "ನಿಮ್ಮಲ್ಲಿ ಒಬ್ಬರನ್ನೂ ನಾನು ಬಿಟ್ಟುಕೊಡಲ್ಲ" ಎಂದು ಮಾತು ಕೊಟ್ಟಳು.

ಚಿತ್ರ ಬರೆಯುವ ಗುಬ್ಬಿ, ಅಕ್ಷರ ಕೂರಿಸುವ ಮೀಸೆ, ಬಣ್ಣ ತುಂಬುವ ದಢೂತಿ, ಮೂವರೂ ಬೇರೆ ಬೇರೆ ಕೂತು ಒಂದೊಂದು ಮುಖ ಬರೆದರು. ತಂದು ಗೋಡೆಗೆ ಅಂಟಿಸಿದರೆ ಮೂರೂ ಒಂದೇ.

"ಏ ಗುಬ್ಬಿ, ನನ್ನದನ್ನ ಕದ್ದೆಯಾ?" ಎಂದ ಮೀಸೆ.

"ನಿನ್ನ ಗೀಚು ಕದಿಯೋಷ್ಟು ಬರಗಾಲ ಬಂದಿಲ್ಲ ನನಗೆ" ಎಂದವಳು ಗೋಡೆ ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಗೋಡೆ ನೋಡಿದಳು.

ಮೂರೂ ಅಕ್ಕನದೇ ಮುಖ. ಅವಳು ಹಿಂದೆ ನಿಂತಾಗಲೆಲ್ಲ ಪರದೆಯ ಗಾಜಿನಲ್ಲಿ ಅವಳ ಬಿಂಬ ತೆಳ್ಳಗೆ ಮೂಡುತ್ತಿತ್ತು. ಕೈಗಳು ತಮಗೇ ತಿಳಿಯದೆ ಅದನ್ನು ಹಿಡಿದುಬಿಟ್ಟಿದ್ದವು.

ಸೋಪಿನ ಯಜಮಾನರು, ಹಣ್ಣುಹಣ್ಣು ಮುದುಕರು, ನೋಡಿದೊಡನೆ ಒಪ್ಪಿದರು. ಆಮೇಲೆ ಅಕ್ಕನೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದರು.

"ಹಳೇ ಮುಖ ಯಾರದು ಗೊತ್ತೇನಮ್ಮ? ಆಗ ಈ ಕೆಲಸ ಮಾಡಿಸಿದ ಮೇಡಂದೇ. ಪೊಟ್ಟಣ ಅಂಗಡಿಗೆ ಬಂದ್ಮೇಲೆ ಅವರನ್ನ ಯಾರೂ ಗುರುತು ಹಿಡೀಲಿಲ್ಲ. ಕಟ್ಕೊಂಡ ಗಂಡನೇ ಬಾಗಿಲಲ್ಲಿ ನಿಂತು, ಯಾರು ಬೇಕಿತ್ತು ಅಂದನಂತೆ. ನಿನ್ನವರ ಕೈಲಿ ಎಷ್ಟು ಸಲ ಬರೆಸಿದ್ರೂ ನಿನ್ನ ಮುಖವೇ ಬರೋದು. ಬೇಡ ಅಂದ್ಬಿಡು. ಈ ಕೆಲಸ ಬೇರೆಯವರಿಗೆ ಕೊಡ್ತೀನಿ."

ಗಾಜಿನ ಗೋಡೆಯಾಚೆ ಗುಬ್ಬಿ ಮೀಸೆಯ ತಲೆಗೆ ಕಾಗದದ ಉಂಡೆ ಎಸೆದು ನಗುತ್ತಿದ್ದಳು. ದಢೂತಿ ಹೆಂಡತಿಗೆ ಫೋನು ಮಾಡಿ, "ಕೆಲಸ ಉಳೀತು ಕಣೇ" ಎನ್ನುತ್ತಿದ್ದ. ಅಕ್ಕ ಅವರನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅಚ್ಚಿಗೆ ಹಾಕ್ಸಿ" ಎಂದಳು.

ಪೊಟ್ಟಣ ಅಂಗಡಿಗಳಿಗೆ ಬಂತು. ಆ ವಾರವೇ ಆಫೀಸಿನ ಕಾವಲಿನವನು ಅವಳನ್ನು ತಡೆದ. ಹೇಗೋ ಒಳಗೆ ಹೋಗಿ ಕುರ್ಚಿಯ ಹಿಂದೆ ನಿಂತರೆ, ಗುಬ್ಬಿ ತಿರುಗಿ, "ಕೂತ್ಕೊಳ್ಳಿ ಮೇಡಂ, ನಮ್ಮಕ್ಕ ಇನ್ನೂ ಬಂದಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಳು. ತಂಗಿ ಮುಖ ತೊಳೆದು ಬಂದವಳು ಹೊಸಿಲಲ್ಲೇ ಬೆಚ್ಚಿ ನಿಂತು, ಒಳಗಿನ ಕೋಣೆಯತ್ತ ಕೂಗಿದಳು:

"ಅಕ್ಕಾ, ಬೇಗ ಬಾರೇ! ಅಡುಗೆಮನೇಲಿ ಯಾರೋ ಇದ್ದಾರೆ!"

ಅವಳ ಕೆನ್ನೆಯಿಂದ ಹೊಸ ಸೋಪಿನ ವಾಸನೆ ಬರುತ್ತಿತ್ತು. ಅಕ್ಕ ಒಲೆ ಆರಿಸಿ, ಹಾಲಿಗೆ ತಟ್ಟೆ ಮುಚ್ಚಿ, "ಮನೆ ತಪ್ಪಿ ಬಂದೆನಮ್ಮಾ, ಹೆದರ್ಕೋಬೇಡ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಕೆಳಮನೆಯಾಕೆ ಮೆಟ್ಟಿಲು ಗುಡಿಸುತ್ತಿದ್ದಳು. "ಅಕ್ಕ ಸಿಕ್ಕಿದ್ರಾ ಮೇಲೆ?"

"ಇಲ್ಲ. ತಂಗಿ ಹೆದರ್ಕೊಂಡಿದಾಳೆ, ಸ್ವಲ್ಪ ಹೋಗಿ ನೋಡಿ" ಎಂದು ಅಕ್ಕ ಗೇಟು ತೆರೆದಳು. ಹೆಜ್ಜೆ ಸದ್ದು ಅವತ್ತೂ ಕೇಳಿಸಲಿಲ್ಲ.