ಅಕ್ಕನಿಗಾಗಿ ನಾನು ಕಟ್ಟಿಸಿದ ಸೇತುವೆ

ನಮ್ಮ ರಾಯಚೂರಿನಲ್ಲಿ ಆಸ್ಪತ್ರೆಯೊಂದರ ಮುಂದೆ, ಜನ ನಡೆದು ರಸ್ತೆ ದಾಟಲೆಂದು ಕಬ್ಬಿಣದ ಮೇಲ್ಸೇತುವೆ ಇದೆ. ಅದರ ಉದ್ಘಾಟನೆಯ ಕಲ್ಲಿನ ಮೇಲೆ ಯಾರ್ಯಾರದೋ ಹೆಸರು ಕೆತ್ತಿದ್ದಾರೆ. ಕೆತ್ತಲಿ ಬಿಡಿ. ಕಟ್ಟಿಸಿದವನು ನಾನು.

ಪೋತ್ನಾಳದ ನಮ್ಮಕ್ಕ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಆ ಆಸ್ಪತ್ರೆಯ ಗೇಟಿನಲ್ಲಿ ರೋಗಿಗಳ ಕಡೆಯವರಿಗೆ ಜೋಳದ ರೊಟ್ಟಿ ಮಾರುತ್ತಾಳೆ. ಬಸ್ಸು ಇಳಿಸುವುದು ರಸ್ತೆಯ ಆಚೆ ಬದಿಗೆ. ತಲೆ ಮೇಲೆ ಬುಟ್ಟಿ, ಮೊಣಕಾಲಿನಲ್ಲಿ ನೋವು, ಎದುರಿಗೆ ಹತ್ತಿ ಹೇರಿದ ಲಾರಿಗಳು. ಒಂದು ದಿನ ಬೈಕಿನವನೊಬ್ಬ ಅವಳ ಸೆರಗನ್ನು ಸವರಿಕೊಂಡೇ ಹೋದ.

"ನಾಳಿಯಿಂದ ಬರಂಗಿಲ್ಲೋ ತಮ್ಮಾ," ಎಂದಳು. "ರೊಟ್ಟಿ ಮಾರಾಕ ಬಂದು ನಾನೇ ಆಸ್ಪತ್ರ್ಯಾಗ ಮಲಗಬೇಕೇನು?"

ಯಾರ ಮುಂದೂ ಕೈ ಚಾಚದೆ ಬದುಕಿದ ಹೆಂಗಸು ಮನೆಯಲ್ಲಿ ಕೂತರೆ ಉಳಿಯುತ್ತಾಳೆಯೇ? ಹೇಗೋ ಇನ್ನಷ್ಟು ದಿನ ಬಾ ಎಂದು ಒಪ್ಪಿಸಿದೆ. ಅದೇ ವಾರ ನನಗೊಂದು ಸುದ್ದಿ ಸಿಕ್ಕಿತು. ಊರಿಗೆ ಒಂದು ಸೇತುವೆ ಬರುತ್ತದೆ, ಮಾರ್ಕೆಟ್ಟಿನ ಹತ್ತಿರವೋ ಆಸ್ಪತ್ರೆಯ ಹತ್ತಿರವೋ ಇನ್ನೂ ಗೊತ್ತಾಗಿಲ್ಲ. ಎಲ್ಲಿ ಹೆಚ್ಚು ಜನ ದಾಟುತ್ತಾರೋ ಅಲ್ಲಿ. ಎಣಿಸಲು ಎರಡೂ ಕಡೆ ಒಬ್ಬೊಬ್ಬನನ್ನು ಕೂರಿಸಿದ್ದಾರೆ.

ಚಹಾ ಅಂಗಡಿಯ ನನ್ನ ನಾಲ್ವರು ಮುದಿ ಗೆಳೆಯರನ್ನು ಎಬ್ಬಿಸಿಕೊಂಡು ಆಸ್ಪತ್ರೆ ಗೇಟಿಗೆ ಹೋದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದಾಟಿದ್ದೇ ದಾಟಿದ್ದು. ಎಣಿಸುವವನು ಕೊಡೆಯ ನೆರಳಿನಲ್ಲಿ ಕೂತು, ತಲೆ ಎತ್ತದೆ ಯಾವೂರೆಂದು ಕೇಳಿ ಬರೆದುಕೊಳ್ಳುತ್ತಿದ್ದ. ರುಮಾಲು ಸುತ್ತಿದಾಗ ನಾನು ದೇವದುರ್ಗದವನು, ಕಂಬಳಿ ಹೊದ್ದಾಗ ಮಟಮಾರಿಯವನು, ಕೈಗೆ ಬ್ಯಾಂಡೇಜ್ ಕಟ್ಟಿದಾಗ ಹಿರೇಕೊಟ್ನೆಕಲ್‌ನವನು. ಮಧ್ಯಾಹ್ನ ಮಾತ್ರ ಅವನಿಗೊಂದು ಸಣ್ಣ ಅನುಮಾನ ಬಂತು.

"ಯಜ್ಜಾ, ನಿನ್ನ ಎಲ್ಲೋ ನೋಡೀನಲ್ಲ?"

"ನಮ್ಮಣ್ಣನ್ನ ನೋಡಿರಬೇಕ್ರಿ. ಈಗ ದಾಟಿ ಹೋದ."

ಅಣ್ಣನ ಲೆಕ್ಕವೂ ಸೇರಿತು. ಮಾರ್ಕೆಟ್ ಸೋತಿತು.

ನೆಲ ಅಗೆಯಲು ಶುರುವಾದಾಗ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ನಕ್ಷೆ ಹರಡಿಕೊಂಡು ನಿಂತಿದ್ದರು. ಮೆಟ್ಟಿಲುಗಳನ್ನು ಎಣಿಸುತ್ತಾ ಹೋದೆ, ಮುಗಿಯಲೊಲ್ಲವು.

"ಇಷ್ಟು ಎತ್ತರ ಯಾಕ್ರಿ ಸಾಹೇಬ್ರ?"

"ಹತ್ತಿ ಹೇರಿದ ಲಾರಿ ಕೆಳಗ ಹಾಯಬೇಕಲ್ಲಪಾ."

"ರೊಟ್ಟಿ ಬುಟ್ಟಿ ಹೊತ್ತಾಕಿ ಮ್ಯಾಲ ಹಾಯಬೇಕಲ್ರಿ. ಆಕಿ ಮಣಕಾಲು ಅಳೆದೀರೇನು?"

ನಕ್ಷೆಯ ಮೂಲೆಯ ಒಂದು ಚೌಕದ ಮೇಲೆ ಬೆರಳಿಟ್ಟು, "ಲಿಫ್ಟ್ ಅದ," ಎಂದರು. ಹೌದು, ನಕ್ಷೆಯಲ್ಲಿತ್ತು. ಇವತ್ತಿಗೂ ಅಲ್ಲೇ ಇದೆ. ನೆಲದ ಮೇಲೆ ಅದಕ್ಕೆಂದು ಕಟ್ಟಿದ ಗೂಡಿನಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ.

ನನಗೆ ಹೆದರಿಕೆಯಾಯಿತು. ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ, ನಿಜ ಹೇಳಿದೆ.

"ಸಾಹೇಬ್ರ, ಅವತ್ತು ದಾಟಿದವ್ರು ಅಷ್ಟು ಮಂದಿ ಅಲ್ರಿ. ನಾವು ಐದು ಮಂದಿ ಮುದುಕ್ರು. ಸೇತುವಿ ಬ್ಯಾಡ, ಇಲ್ಲೊಂದು ಹಂಪ್ ಹಾಕಿ ಒಬ್ಬ ಪೊಲೀಸಪ್ಪನ್ನ ನಿಲ್ಲಸ್ರಿ, ಸಾಕು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾರಿ ಚೇಷ್ಟಿ ಮನಷ್ಯಾ ಇದ್ದಿಯಪಾ! ದೇವದುರ್ಗದಿಂದ, ಮಟಮಾರಿಯಿಂದ ಮಂದಿ ಬಂದಾರ, ಕಾಗದದಾಗ ಅದ."

ಸೇತುವೆ ಎದ್ದಿತು. ಎಲ್ಲರೂ ಅದನ್ನೇ ಹತ್ತಲಿ ಎಂದು ರಸ್ತೆಯ ನಡುವೆ ಎದೆಯೆತ್ತರ ಕಬ್ಬಿಣದ ಬೇಲಿಯೂ ಬಂತು. ಮೊದಲಾದರೆ ಅಕ್ಕನಿಗೆ ಲಾರಿಯ ಭಯವಿತ್ತು, ದಾರಿಯಾದರೂ ಇತ್ತು. ಈಗ ಅದೂ ಹೋಯಿತು.

ಮೊದಲ ದಿನ ನಾನೇ ಬುಟ್ಟಿ ಹೊತ್ತು ಅವಳನ್ನು ಹತ್ತಿಸಿದೆ. ಅರ್ಧಕ್ಕೆ ಕೂತುಬಿಟ್ಟಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಯಾವ ಭಾಡ್ಯಾ ಕಟ್ಟಿಸ್ಯಾನೋ ಇದನ್ನ?"

ಬದುಕಿನಲ್ಲಿ ಒಂದೇ ಸಲ ನಾನು ಜಂಬ ಕೊಚ್ಚಲಿಲ್ಲ. ಮಾರನೆಯ ದಿನ ಅಕ್ಕ ಕಾಣಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಮುಖ ತೋರಿಸಲು ನಾಚಿಕೆಯಾದರೂ ಪೋತ್ನಾಳಕ್ಕೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಆ ಕಡೆ ಹೋಗುವ ಮಾನ್ವಿ ಬಸ್ಸು ಹತ್ತಿದರೆ, ಮುಂದಿನ ಸೀಟಿನಲ್ಲೇ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಅಕ್ಕ!

"ಯಕ್ಕಾ, ಇಷ್ಟ್ ಜಲ್ದಿ ಊರಿಗೆ ಹೊಂಟಿಯೇನು?"

"ಊರಿಗ್ಯಾಕೋ? ರಸ್ತಿ ದಾಟಾಕತ್ತೀನಿ."

ಎರಡು ದಿನ ಮನೆಯಲ್ಲಿ ಕೂತು ಅವಳು ತಾನೇ ಒಂದು ನಕ್ಷೆ ಹಾಕಿದ್ದಳು. ಬರುವ ಬಸ್ಸು ಆಚೆ ಬದಿಗೆ ನಿಲ್ಲುತ್ತದೆ, ಸರಿ. ಇಳಿಯದೆ ನೇರ ಬಸ್ ಸ್ಟ್ಯಾಂಡಿಗೆ ಬಂದು, ವಾಪಸ್ ಹೋಗುವ ಬಸ್ಸು ಹತ್ತಿದರೆ ಅದು ಆಸ್ಪತ್ರೆ ಗೇಟಿಗೇ ಇಳಿಸುತ್ತದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಹಿಂದೆ ತಿರುಗಿ ನೋಡಿದೆ. ಬರುವಾಗ ಬಸ್ಸಿನಲ್ಲಿ ಅವಳ ಮಾತು ಕೇಳಿದ ಮಾನ್ವಿ ಕಡೆಯ ಇನ್ನೂ ಏಳೆಂಟು ಹೆಂಗಸರು ಟಿಫಿನ್ ಕ್ಯಾರಿಯರ್ ಹಿಡಿದು ಹಾಗೆಯೇ ರಸ್ತೆ ದಾಟುತ್ತಿದ್ದರು.

ಕಂಡಕ್ಟರ್ ಹಣೆ ಹಣೆ ಬಡಿದುಕೊಂಡ. "ಯವ್ವಾ, ರಸ್ತಿ ದಾಟಾಕ ಸರ್ಕಾರಿ ಬಸ್ಸೇನಬೇ? ಅಲ್ಲಿ ಸೇತುವಿ ಅದಲ್ಲ!"

"ಸೇತುವಿ ಎತ್ತರ ಅದ ಯಪ್ಪಾ. ನಿನ್ನ ಬಸ್ಸಿಗೆ ಮೂರೇ ಮೆಟ್ಟಲ."

ಬಸ್ಸು ನಮ್ಮ ಸೇತುವೆಯ ಕೆಳಗೆ ಹಾಯಿತು. ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಗೇಟಿನಲ್ಲಿ ಅಕ್ಕ ಮೂರು ಮೆಟ್ಟಿಲು ಇಳಿದು, ಬುಟ್ಟಿ ತೆಗೆದುಕೊಳ್ಳಲು ಮೇಲೆ ನಿಂತ ನನ್ನ ಕಡೆ ಕೈ ಚಾಚಿದಳು.

"ಜಲ್ದಿ ಕೊಡೋ, ಗಿರಾಕಿ ನಿಂತಾರ."